ಇಪ್ಪತ್ತು ನಿಮಿಷದ ಕೆಲಸ

1964ರ ಮಾರ್ಚ್ ತಿಂಗಳ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆಯ ಮುಖಪುಟದಲ್ಲಿ ಎರಡು ಕಾರುಗಳು ಜಿದ್ದಿಗೆ ಬಿದ್ದಂತೆ ಓಡುತ್ತಿದ್ದವು. ಒಂದು ಇಟಲಿಯ ಫೆರಾರಿ ಜಿಟಿಒ, ಇನ್ನೊಂದು ಅಮೆರಿಕದ ಪಾಂಟಿಯಾಕ್ ಜಿಟಿಒ. ಹೆಸರನ್ನೂ ಪಾಂಟಿಯಾಕ್‌ನವರು ಫೆರಾರಿಯಿಂದಲೇ ಎತ್ತಿಕೊಂಡಿದ್ದರು. ಅದು ಫೋಟೊ ಅಲ್ಲ, ಕಲಾವಿದ ಬರೆದ ಚಿತ್ರ. ಪತ್ರಿಕೆಯವರು ಆ ಎರಡು ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ ಓಡಿಸಿಯೇ ಇರಲಿಲ್ಲ. ಒಳಪುಟದ ಅಂಕಿಗಳು ಮಾತ್ರ ಓದಿದವರ ಹುಬ್ಬೇರಿಸಿದವು. ಪಾಂಟಿಯಾಕ್ ನಿಂತ ಜಾಗದಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು ತೆಗೆದುಕೊಂಡದ್ದು 4.6 ಸೆಕೆಂಡು! ಆ ಕಾಲಕ್ಕೆ ಅದು ರೇಸ್ ಕಾರುಗಳ ಮಾತು. ಪಾಂಟಿಯಾಕ್ ಪ್ರಚಾರದ ರೂವಾರಿ ಜಿಮ್ ವ್ಯಾಂಗರ್ಸ್ ದಶಕಗಳ ನಂತರ ಗುಟ್ಟು ಬಿಟ್ಟುಕೊಟ್ಟರು. ಪರೀಕ್ಷೆಗೆ ಕಳಿಸಿದ ಕಾರಿನಲ್ಲಿದ್ದದ್ದು ಗಿರಾಕಿಗಳಿಗೆ ಸಿಗುತ್ತಿದ್ದ 389 ಘನ ಇಂಚಿನ ಇಂಜಿನ್ ಅಲ್ಲ, ಅದರ ಅಣ್ಣ, 421 ಘನ ಇಂಚಿನದು. ಹೊರಗಿನಿಂದ ನೋಡಿದರೆ ಎರಡೂ ಅವಳಿ ಮಕ್ಕಳ ಹಾಗೆ. ಬಾನೆಟ್ ಎತ್ತಿ ನೋಡಿದವರಿಗೂ ತಿಳಿಯುವಂತಿರಲಿಲ್ಲ.

ಹಳೆಯ ಕಾರುಗಳ ಬಗ್ಗೆ ಈ ಅಂಕಣದಲ್ಲಿ ಬರೆದಾಗಲೆಲ್ಲ ಓದುಗರಿಂದ ತಪ್ಪದೆ ಬರುವ ಪ್ರಶ್ನೆಯೊಂದಿದೆ. ಯೂಟ್ಯೂಬ್‌ನಲ್ಲಿ ಅಮೆರಿಕದವರು 1969ರ ಕಮಾರೊ ಕಾರಿನ ಇಂಜಿನ್ ಇಳಿಸಿ ಮೊನ್ನೆಮೊನ್ನೆಯ ಪಿಕಪ್ ಟ್ರಕ್ಕಿನ ಇಂಜಿನ್ ಕೂರಿಸುವುದನ್ನು ನೋಡಿದ ಕೆಲವರಿಗೆ ಹೊಟ್ಟೆ ಉರಿಯುತ್ತದೆ. ಎದೆ ಬಗೆದು ಬೇರೆಯವರ ಗುಂಡಿಗೆ ಇಟ್ಟ ಮೇಲೆ ಅದು ಅದೇ ಕಾರೇ? ಪುರಾತನ ವಸ್ತುವಿಗೆ ಹೀಗೆ ಮಾಡುವುದು ಅಪಚಾರವಲ್ಲವೇ? ಒಬ್ಬರಂತೂ ಇದನ್ನು ಹೊಯ್ಸಳ ಗುಡಿಗೆ ಬಾತ್‌ರೂಮ್ ಟೈಲ್ಸ್ ಹಾಕಿದ್ದಕ್ಕೆ ಹೋಲಿಸಿದ್ದರು.

ಹೋಲಿಕೆ ಚೆನ್ನಾಗಿದೆ, ಆದರೆ ಒಂದು ತೊಡಕಿದೆ. ಮಸಲ್ ಕಾರು, ಅಂದರೆ ಸಾಧಾರಣ ಮೈಯೊಳಗೆ ದೈತ್ಯ ಇಂಜಿನ್ ಹೊತ್ತ ಅಮೆರಿಕದ ಕಾರು, ಮೊದಲು ಪರಿಶುದ್ಧವಾಗಿತ್ತು, ಆಮೇಲೆ ಬಂದ ಹುಡುಗರು ಅದನ್ನು ಕೆಡಿಸಿದರು ಎಂಬ ನಂಬಿಕೆ ಅದರ ಹಿಂದಿದೆ. ನಡೆದದ್ದು ತಿರುಗುಮುರುಗು. ಮಸಲ್ ಕಾರು ಎಂಬ ಕುಲ ಹುಟ್ಟಿದ್ದೇ ಒಂದು ಕಾರಿನ ಇಂಜಿನ್ ಎತ್ತಿ ಇನ್ನೊಂದಕ್ಕೆ ಇಟ್ಟಿದ್ದರಿಂದ.

ಮಿಷಿಗನ್ ರಾಜ್ಯದ ಮಿಲ್‌ಫರ್ಡ್‌ನಲ್ಲಿ ಜನರಲ್ ಮೋಟಾರ್ಸ್‌ನ ಪರೀಕ್ಷಾ ಮೈದಾನವಿದೆ. 1963ರಲ್ಲಿ ಪಾಂಟಿಯಾಕ್ ವಿಭಾಗದ ಮುಖ್ಯ ಇಂಜಿನಿಯರ್ ಆಗಿದ್ದ ಜಾನ್ ಡೆಲೋರಿಯನ್ ಶನಿವಾರ ಬೆಳಿಗ್ಗೆ ತಮ್ಮ ಬಳಗವನ್ನು ಅಲ್ಲಿ ಸೇರಿಸುತ್ತಿದ್ದರು. ಅಂಥ ಒಂದು ಶನಿವಾರ 1964ರ ಟೆಂಪೆಸ್ಟ್ ಕಾರಿನ ಮಾದರಿಯನ್ನು ಲಿಫ್ಟ್ ಮೇಲೇರಿಸಿ ಎಲ್ಲರೂ ಕೆಳಗೆ ನಿಂತು ನೋಡುತ್ತಿದ್ದರು. ಟೆಂಪೆಸ್ಟ್ ಮಧ್ಯಮ ಗಾತ್ರದ, ಸಂಸಾರಸ್ಥರ ಸಾಧು ಕಾರು; ಅದರಲ್ಲಿದ್ದದ್ದು 326 ಘನ ಇಂಚಿನ ಇಂಜಿನ್. ಬಿಲ್ ಕಾಲಿನ್ಸ್ ಎಂಬ ಇಂಜಿನಿಯರ್ ಮಾತಿನ ನಡುವೆ ಒಂದು ಮಾತು ತೇಲಿಬಿಟ್ಟರು: ದೊಡ್ಡ ಕಾರುಗಳಿಗೆ ಹಾಕುವ 389ಕ್ಕೂ ಇದಕ್ಕೂ ಇಂಜಿನ್ ಮೌಂಟ್ ಒಂದೇ, ಇಪ್ಪತ್ತು ನಿಮಿಷ ಕೊಟ್ಟರೆ ಅದನ್ನು ಇದರೊಳಗೆ ಕೂರಿಸಿಬಿಡಬಹುದು. ಡೆಲೋರಿಯನ್ ಮತ್ತು ಇಂಜಿನ್ ವಿಷಯದಲ್ಲಿ ಪಳಗಿದ ರಸ್ ಗೀ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ವಾರ ಕಳೆಯುವಷ್ಟರಲ್ಲಿ ಕಾರು ಸಿದ್ಧವಾಗಿತ್ತು.

ಒಂದು ಅಡ್ಡಿಯಿತ್ತು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚು ಮೀರಿದ ಇಂಜಿನ್ ಹಾಕಕೂಡದೆಂದು ಜನರಲ್ ಮೋಟಾರ್ಸ್ ತನ್ನ ವಿಭಾಗಗಳಿಗೆ ಕಟ್ಟಪ್ಪಣೆ ಮಾಡಿತ್ತು. 1963ರ ಆರಂಭದಲ್ಲಿ ರೇಸಿಂಗ್‌ಗೂ ಬಾಗಿಲು ಹಾಕಿತ್ತು. ಯಜಮಾನರು ಚಾಪೆ ಕೆಳಗೆ ನುಸುಳಿದರೆ ಪಾಂಟಿಯಾಕ್‌ನವರು ರಂಗೋಲಿ ಕೆಳಗೆ ನುಸುಳಿದರು. ನಿಯಮ ಇರುವುದು ಹೊಸ ‘ಮಾಡೆಲ್’ಗೆ, ನಾವು ಹೊಸ ಮಾಡೆಲ್ ತರುತ್ತಲೇ ಇಲ್ಲವಲ್ಲ, ಇರುವ ಕಾರಿಗೆ ಗಿರಾಕಿ ಕೇಳಿದರೆ ಸುಮಾರು 295 ಡಾಲರ್‌ಗೆ ಒಂದು ‘ಆಪ್ಷನ್’ ಕೊಡುತ್ತಿದ್ದೇವೆ, ಅಷ್ಟೇ! ಆ ಆಪ್ಷನ್ನಿನ ಹೆಸರೇ ಜಿಟಿಒ. ಇದು ಮಾರಾಟವಾಗುವ ಸರಕಲ್ಲ ಎಂದು ಮೂಗು ಮುರಿದ ಮಾರಾಟ ವಿಭಾಗದ ಮುಖ್ಯಸ್ಥರು ಕಷ್ಟಪಟ್ಟು 5,000 ಕಾರುಗಳಿಗೆ ಒಪ್ಪಿದರು. ಮೊದಲ ವರ್ಷವೇ 32,450 ಹೋದವು. ಮೇಲಿನವರು ಬೈಯಲು ಬಾಯಿ ತೆರೆಯುವ ಹೊತ್ತಿಗೆ ಲಾಭ ಎಣಿಸುವ ಕೆಲಸ ಬಂದಿತ್ತು.

389 ಘನ ಇಂಚು ಅಂದರೆ ಎಷ್ಟು? ನಮ್ಮ ಲೆಕ್ಕದಲ್ಲಿ ಸುಮಾರು 6.4 ಲೀಟರ್, 6,375 ಸಿಸಿ. ಅದನ್ನು ಎಂಟು ಸಿಲಿಂಡರ್‌ಗೆ ಹಂಚಿದರೆ ಒಂದೊಂದಕ್ಕೆ 797 ಸಿಸಿ ಬೀಳುತ್ತದೆ. ಮಾರುತಿ 800ರ ಇಡೀ ಇಂಜಿನ್ 796 ಸಿಸಿ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಮತ್ತು ಕ್ಯಾರಿಯರ್ ಮೇಲಿನ ಸೂಟ್‌ಕೇಸುಗಳನ್ನು ಹೊತ್ತು ಚಾರ್ಮಾಡಿ ಘಾಟಿ ಹತ್ತಿಸುತ್ತಿದ್ದ ಇಂಜಿನ್ನಿನಷ್ಟು ದೊಡ್ಡದು ಆ ಜಿಟಿಒದ ಒಂದೇ ಒಂದು ಸಿಲಿಂಡರ್. ಅಂಥವು ಎಂಟು, ನಾಲ್ಕು ಈ ಕಡೆ ನಾಲ್ಕು ಆ ಕಡೆ, ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಓರೆಯಾಗಿ ಕೂತರೆ ಅದು ವಿ8.

ಇಷ್ಟು ದೈತ್ಯ ಇಂಜಿನ್ ಇಪ್ಪತ್ತು ನಿಮಿಷದಲ್ಲಿ ಹೇಗೆ ಕೂರುತ್ತದೆ ಎಂಬುದಕ್ಕೆ ಉತ್ತರ ಎರಕದ ಅಚ್ಚಿನಲ್ಲಿದೆ. ಪಾಂಟಿಯಾಕ್‌ನ 326, 389, 421 ಮೂರೂ ಒಂದೇ ವಂಶದವು. ಒಳಗೆ ಪಿಸ್ಟನ್ ಓಡುವ ಕೊಳವೆಯ ಅಗಲ ಬೇರೆಬೇರೆ, 421ರಲ್ಲಿ ಪಿಸ್ಟನ್ ಏರಿಳಿಯುವ ದೂರವೂ ಬೇರೆ. ಹೊರಗಿನ ಮೈಕಟ್ಟು ಬಹುತೇಕ ಒಂದೇ. ಕಾರ್ಖಾನೆಗೆ ಇದು ಖರ್ಚು ಉಳಿಸುವ ಉಪಾಯ. ಸ್ಪ್ಯಾನರ್ ಹಿಡಿದ ಹುಡುಗರಿಗೆ ಇದೇ ವರವಾಯಿತು.

ಇಂಥ ಇಂಜಿನ್ ಅದಲುಬದಲಿನಲ್ಲಿ ಜಿಟಿಒ ಮೊದಲನೆಯದೂ ಅಲ್ಲ. 1932ರಲ್ಲಿ ಹೆನ್ರಿ ಫೋರ್ಡ್ ಸಾಮಾನ್ಯರ ಕೈಗೆಟುಕುವ ಬೆಲೆಗೆ 65 ಅಶ್ವಶಕ್ತಿಯ ವಿ8 ಕೊಟ್ಟಂದಿನಿಂದ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಗುರಾದ ಹಳೆಯ ಕಾರಿಗೆ ಗುಜರಿಯಿಂದ ತಂದ ಆ ಇಂಜಿನ್ ಏರಿಸಿ, ಮ್ಯೂರಾಕ್‌ನ ಒಣಗಿದ ಕೆರೆಯಂಗಳದಲ್ಲಿ ಧೂಳೆಬ್ಬಿಸುತ್ತಿದ್ದರು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಇನ್ನೂ ದೊಡ್ಡ ಸಂಖ್ಯೆಯಲ್ಲಿ ಸೇರಿಕೊಂಡರು. 1948ರ ಜನವರಿಯಲ್ಲಿ ಅವರಿಗಾಗಿಯೇ ‘ಹಾಟ್ ರಾಡ್’ ಎಂಬ ಪತ್ರಿಕೆ ಹುಟ್ಟಿತು. ಐವತ್ತರ ದಶಕದಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನ ಬಿಲ್ ಫ್ರಿಕ್ ಎಂಬಾತ ಸ್ಟುಡ್‌ಬೇಕರ್ ಕಾರಿಗೆ ಕ್ಯಾಡಿಲಾಕ್ ಇಂಜಿನ್ ಹಾಕಿ ‘ಸ್ಟುಡಿಲಾಕ್’ ಎಂದು ಮಾರುತ್ತಿದ್ದ. ಜೇಮ್ಸ್ ಬಾಂಡ್ ಕಾದಂಬರಿ ಓದಿದವರಿಗೆ ಈ ಹೆಸರು ನೆನಪಿರಬಹುದು. 1956ರ ‘ಡೈಮಂಡ್ಸ್ ಆರ್ ಫಾರೆವರ್’ನಲ್ಲಿ ಬಾಂಡ್‌ನ ಗೆಳೆಯ ಫೀಲಿಕ್ಸ್ ಲೈಟರ್ ಓಡಿಸುವುದು ಸ್ಟುಡಿಲಾಕ್ ಕಾರನ್ನೇ. 1962ರಲ್ಲಿ ಟೆಕ್ಸಸ್‌ನ ಕ್ಯಾರಲ್ ಶೆಲ್ಬಿ, ಒಂದು ಕಾಲದಲ್ಲಿ ಕೋಳಿ ಸಾಕಿ ಕೈಸುಟ್ಟುಕೊಂಡಿದ್ದ ರೇಸ್ ಚಾಲಕ, ಇಂಗ್ಲೆಂಡಿನ ಎಸಿ ಕಂಪನಿಯ ಪುಟ್ಟ ಕಾರಿಗೆ ಫೋರ್ಡ್ ವಿ8 ಸೇರಿಸಿ ಕೋಬ್ರಾ ಮಾಡಿದ. ಇಂದು ಕೋಟ್ಯಂತರ ರೂಪಾಯಿಗೆ ಕೈ ಬದಲಾಗುವ ಆ ಕೋಬ್ರಾ ‘ಅಪ್ಪಟ’ವೋ ‘ಕಲಬೆರಕೆ’ಯೋ?

ಕಾರ್ಖಾನೆಯವರು ಹಿಂಜರಿದಾಗಲೆಲ್ಲ ಮುಂದೆ ಬಂದವರು ಡೀಲರ್‌ಗಳು. ಪೆನ್ಸಿಲ್ವೇನಿಯಾದ ಕ್ಯಾನನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಡಾನ್ ಯೆಂಕೊ ಎಂಬ ಶೆವ್ರೊಲೆ ಡೀಲರ್ ಇದ್ದ. ಸ್ವತಃ ರೇಸ್ ಚಾಲಕ. ಕಮಾರೊಗೆ 400 ಘನ ಇಂಚು ದಾಟಿದ ಇಂಜಿನ್ ಹಾಕುವುದಿಲ್ಲ ಎಂದು ಕಂಪನಿ ಹೇಳಿದರೆ, ಇವನು 1967ರಿಂದ ತನ್ನ ಶೆಡ್ಡಿನಲ್ಲೇ ಕಾರ್ವೆಟ್‌ನ 427 ಅನ್ನು ಅದರೊಳಗೆ ಇಳಿಸಿ ಮಾರತೊಡಗಿದ. ಒಂದೊಂದನ್ನೇ ಇಳಿಸಿ ಏರಿಸಿ ಸಾಕಾದಾಗ ಅವನ ಕಣ್ಣಿಗೆ ಇನ್ನೊಂದು ಸಂದಿ ಬಿತ್ತು. ಟ್ಯಾಕ್ಸಿ ಕಂಪನಿ, ಪೊಲೀಸ್ ಇಲಾಖೆಯಂಥ ಸಗಟು ಗಿರಾಕಿಗಳಿಗೆ ವಿಶೇಷ ಬಣ್ಣ, ಗಟ್ಟಿ ಸೀಟು ಕೊಡಲು ಶೆವ್ರೊಲೆಯಲ್ಲಿ ‘ಕೋಪೊ’ ಎಂಬ ಆರ್ಡರ್ ಪದ್ಧತಿ ಇತ್ತು. ಅದೇ ಫಾರಂ ತುಂಬಿಸಿ 1969ರಲ್ಲಿ 427 ಇಂಜಿನ್‌ನ ಸುಮಾರು 200 ಕಮಾರೊಗಳನ್ನು ಕಾರ್ಖಾನೆಯಿಂದಲೇ ತರಿಸಿಕೊಂಡ. ಇಲಿನಾಯ್‌ನ ಲಾ ಹಾರ್ಪ್ ಊರಿನ ಇನ್ನೊಬ್ಬ ಡೀಲರ್ ಫ್ರೆಡ್ ಗಿಬ್, ಪೂರಾ ಅಲ್ಯೂಮಿನಿಯಂನ ಜಡ್‌ಎಲ್1 ಎಂಬ 427 ಇರುವ 50 ಕಮಾರೊಗಳಿಗೆ ಆರ್ಡರ್ ಹಾಕಿದ. ಬಿಲ್ ಬಂದಾಗ ತಲೆ ತಿರುಗಿತು: ಇಂಜಿನ್ ಒಂದಕ್ಕೇ 4,000 ಡಾಲರ್ ಮೀರಿ, ಕಾರಿನ ಬೆಲೆ 7,000 ಡಾಲರ್ ದಾಟಿತ್ತು. ಕೊಳ್ಳುವವರಿಲ್ಲದೆ ಬಹುಪಾಲು ಕಾರುಗಳನ್ನು ವಾಪಸು ಕಳಿಸಬೇಕಾಯಿತು. ಒಟ್ಟು ತಯಾರಾದ ಜಡ್‌ಎಲ್1 ಕಮಾರೊಗಳು 69. ಅಂದು ಯಾರಿಗೂ ಬೇಡವಾದ ಆ ಕಾರಿಗಾಗಿ ಇಂದು ಹರಾಜಿನಲ್ಲಿ ಹಲ್ಲು ಕಚ್ಚಿ ಬಿಡ್ ಕೂಗುತ್ತಾರೆ.

ರೋಡ್ ಐಲೆಂಡ್‌ನ ಫೋರ್ಡ್ ಡೀಲರ್ ಬಾಬ್ ಟಾಸ್ಕಾ ಕಥೆ ಇನ್ನೂ ರುಚಿ. 1967ರಲ್ಲಿ ಅವರ ಅಂಗಡಿಯ ಮಸ್ಟ್ಯಾಂಗ್ ಒಂದರ 390 ಇಂಜಿನ್ ಸಿಡಿಯಿತು. ಮೆಕ್ಯಾನಿಕ್‌ಗಳು ಪೊಲೀಸ್ ಕಾರುಗಳಿಗೆ ಬರುವ 428 ಇಂಜಿನ್ನಿನ ಕೆಳಭಾಗ ತಂದು, ಅದರ ಮೇಲೆ ಕಪಾಟಿನಲ್ಲಿದ್ದ ಬೇರೆ ಫೋರ್ಡ್ ಭಾಗಗಳನ್ನು ಜೋಡಿಸಿ ಓಡಿಸಿ ನೋಡಿದರು. ಕಾರು ಮೊದಲಿಗಿಂತ ಎಷ್ಟೋ ಪಾಲು ಚುರುಕಾಗಿತ್ತು. ‘ಹಾಟ್ ರಾಡ್’ ಪತ್ರಿಕೆ ಈ ಕಾರಿನ ಬಗ್ಗೆ ಬರೆದು, ಇಂಥದ್ದನ್ನು ಫೋರ್ಡ್ ಮಾಡಬೇಕೋ ಬೇಡವೋ ಎಂದು ಸ್ವತಃ ಎರಡನೇ ಹೆನ್ರಿ ಫೋರ್ಡ್‌ಗೆ ತಿಳಿಸಿ ಎಂದು ಓದುಗರನ್ನು ಹುರಿದುಂಬಿಸಿತು. ಚೀಟಿಗಳು ರಾಶಿ ಬಿದ್ದವು. 1968ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾ ಡ್ರ್ಯಾಗ್ ರೇಸಿನಲ್ಲಿ ‘428 ಕೋಬ್ರಾ ಜೆಟ್’ ಮಸ್ಟ್ಯಾಂಗ್‌ಗಳು ಗೆದ್ದವು, ಬೆನ್ನಿಗೇ ಅಂಗಡಿಗೂ ಬಂದವು. ಸಿಡಿದ ಇಂಜಿನ್ ಬದಲಿಸಿದ ಗ್ಯಾರೇಜು ಕೆಲಸವೊಂದು ಕಂಪನಿಯ ಕ್ಯಾಟಲಾಗಿನ ಪುಟವಾದದ್ದು ಹೀಗೆ.

ಆ ಕಾಲ ಕಂಡವರ ನೆನಪುಗಳನ್ನು ಕೇಳಬೇಕೆಂದರೆ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂಗೆ ಹೋಗಬೇಕು. ಊರಿನ ನಡುವಿನಿಂದ ಪಾಂಟಿಯಾಕ್ ಪಟ್ಟಣದವರೆಗೆ ಚಾಚಿರುವ ಅಗಲ ರಸ್ತೆ. ಅರವತ್ತರ ದಶಕದಲ್ಲಿ ಬೇಸಿಗೆಯ ರಾತ್ರಿಗಳಲ್ಲಿ ಹುಡುಗರು ಟೋಟೆಮ್ ಪೋಲ್, ಟೆಡ್ಸ್‌ನಂಥ ಡ್ರೈವ್-ಇನ್ ಹೋಟೆಲುಗಳಲ್ಲಿ ಬರ್ಗರ್ ತಿನ್ನುತ್ತ ಎದುರಾಳಿ ಹುಡುಕಿ, ಒಂದು ಕೆಂಪು ದೀಪದಿಂದ ಇನ್ನೊಂದರವರೆಗೆ ಪಂದ್ಯ ಕಟ್ಟುತ್ತಿದ್ದರು. ಪಕ್ಕದಲ್ಲಿ ಬಂದು ನಿಂತ ಸಪ್ಪೆ ಬಣ್ಣದ ಕಾರಿನಲ್ಲಿ ಕಂಪನಿಯ ಇಂಜಿನಿಯರೇ ಇರಬಹುದಿತ್ತು. ಹಗಲು ಡ್ರಾಯಿಂಗ್ ಬೋರ್ಡ್, ರಾತ್ರಿ ವುಡ್‌ವರ್ಡ್. ಆ ರಸ್ತೆಯ ದಂತಕಥೆ ಜಿಮ್ಮಿ ಆಡಿಸನ್ ಎಂಬ ಪೆಟ್ರೋಲ್ ಬಂಕಿನವನ 1967ರ ಪ್ಲಿಮತ್ ಜಿಟಿಎಕ್ಸ್, ಅಡ್ಡಹೆಸರು ‘ಸಿಲ್ವರ್ ಬುಲೆಟ್’. 440 ಇಂಜಿನ್ನಿನೊಂದಿಗೆ ಹುಟ್ಟಿದ ಆ ಕಾರಿನಲ್ಲಿ, ಕ್ರೈಸ್ಲರ್ ಇಂಜಿನಿಯರ್‌ಗಳ ಹಿಂಬಾಗಿಲ ನೆರವಿನಿಂದ, 487 ಘನ ಇಂಚಿಗೆ ಹಿಗ್ಗಿಸಿದ ‘ಹೆಮಿ’ ಇಂಜಿನ್ ಬಂದು ಕೂತಿತ್ತು. ಅದನ್ನು ಸೋಲಿಸಲೆಂದೇ ದೂರದ ಊರುಗಳಿಂದ ಬಂದು ಮುಖಭಂಗವಾಗಿ ಹೋದವರಿದ್ದಾರೆ.

1995ರಿಂದ ಪ್ರತಿ ಆಗಸ್ಟ್‌ನಲ್ಲಿ ಅದೇ ರಸ್ತೆಯಲ್ಲಿ ‘ಡ್ರೀಮ್ ಕ್ರೂಸ್’ ನಡೆಯುತ್ತದೆ. ನಮ್ಮ ಊರ ತೇರಿನ ದಿನ ಜಗಲಿಯ ಮೇಲೆ ಜಾಗ ಹಿಡಿದಂತೆ ಜನ ಮಡಚುವ ಕುರ್ಚಿ ತಂದು ರಸ್ತೆಯಂಚಿಗೆ ಇಡುತ್ತಾರೆ. ಅಲ್ಲಿ ಕಿವಿಗೆ ಬೀಳುವ ಕಥೆಗಳ ಹೂರಣ ಹೆಚ್ಚು ಕಡಿಮೆ ಒಂದೇ: ನನ್ನ ಹತ್ತಿರವೂ ಒಂದಿತ್ತು, ಮದುವೆಯಾಯಿತು, ಮಗು ಹುಟ್ಟಿತು, ಮಾರಿಬಿಟ್ಟೆ. ಬೆಲೆ ಹೇಳುವಾಗ ಮಾತ್ರ ದನಿ ಇಳಿಯುತ್ತದೆ.

ಈ ನೆನಪುಗಳನ್ನು ಒಂದಿಷ್ಟು ಸೋಸಿಕೊಂಡೇ ಕೇಳಬೇಕೆಂಬುದು ಅಂಕಣಕಾರನ ಅಭಿಪ್ರಾಯ. ಅಂದಿನ ಜಾಹೀರಾತಿನ ಅಶ್ವಶಕ್ತಿಯೇ ಉಬ್ಬಿದ ಲೆಕ್ಕ. 1971ರವರೆಗೆ ಇಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಏರ್ ಫಿಲ್ಟರ್, ಸೈಲೆನ್ಸರ್ ಯಾವುದರ ಹೊರೆಯೂ ಇಲ್ಲದೆ ಅಳೆಯುತ್ತಿದ್ದರು. ಹೊಲಕ್ಕೆ ಇಳಿಯುವ ಮುನ್ನ, ನೊಗ ಹೂಡದ ಎತ್ತಿನ ಓಟ ಅಳೆದ ಹಾಗೆ. 1972ರಿಂದ ಎಲ್ಲ ತಗುಲಿಸಿ ಅಳೆಯುವ ಪದ್ಧತಿ ಬಂತು. ಕಾರ್ವೆಟ್‌ನ ಎಲ್‌ಟಿ-1 ಇಂಜಿನ್ 1971ರಲ್ಲಿ 330 ಅಶ್ವಶಕ್ತಿ ಎನಿಸಿಕೊಂಡಿತ್ತು, ಮರುವರ್ಷ ಅದು 255. ಇಳಿದದ್ದರಲ್ಲಿ ಹೆಚ್ಚಿನ ಪಾಲು ಅಳತೆಗೋಲಿನದೇ. ಇನ್ನು ಬ್ರೇಕಿನ ಸುದ್ದಿ ಯಾರೂ ಎತ್ತುವುದಿಲ್ಲ. 1964ರ ಜಿಟಿಒಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡಿಸ್ಕ್ ಸಿಗಲು ಗಿರಾಕಿ 1967ರವರೆಗೆ ಕಾಯಬೇಕಾಯಿತು. ಓಡುವ ಕಥೆ ಎಲ್ಲರೂ ಹೇಳುತ್ತಾರೆ, ನಿಲ್ಲುವ ಕಥೆ ಹೇಳುವವರು ಕಡಿಮೆ.

ಈ ಸಡಗರ ಮುಗಿದದ್ದು ಒಂದೇ ಏಟಿಗಲ್ಲ. ವಿಮಾ ಕಂಪನಿಗಳು ಹುಡುಗರ ಪ್ರೀಮಿಯಂ ಏರಿಸಿದವು. 1970ರ ಶುದ್ಧ ಗಾಳಿ ಕಾಯ್ದೆ ಹೊಗೆಗೆ ಲಗಾಮು ಹಾಕಿತು. ಸೀಸವಿಲ್ಲದ ಪೆಟ್ರೋಲಿಗೆ ಹೊಂದಲೆಂದು ಇಂಜಿನ್‌ಗಳ ಕಂಪ್ರೆಷನ್ ಇಳಿಯಿತು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ ಮೇಲೆ ಬಂಕುಗಳ ಮುಂದೆ ಸಾಲು ನಿಂತಿತು. 1974ರ ಮಸ್ಟ್ಯಾಂಗ್‌ಗೆ ವಿ8 ಇರಲೇ ಇಲ್ಲ.

ಅದೇ ತೈಲ ಬಿಕ್ಕಟ್ಟು ಭಾರತದಲ್ಲಿ ಇನ್ನೊಂದು ಬಗೆಯ ಇಂಜಿನ್ ಅದಲುಬದಲಿಗೆ, ಅಂದರೆ ‘ಸ್ವಾಪ್’ಗೆ, ಕಾರಣವಾಯಿತು. ರಾಜಮನೆತನಗಳು, ಎಸ್ಟೇಟ್ ಮಾಲೀಕರು, ಸಿನಿಮಾದವರು ತಂದಿಟ್ಟುಕೊಂಡಿದ್ದ ಇಂಪಾಲಾ, ಡಾಡ್ಜ್, ಪ್ಲಿಮತ್‌ಗಳಿಗೆ ಪೆಟ್ರೋಲ್ ಹಾಕಿ ಪೂರೈಸಲಾಗದೆ ಅನೇಕರು ಇಂಜಿನ್ ಇಳಿಸಿ, ಟ್ರಕ್ಕು ವ್ಯಾನುಗಳ ಡೀಸೆಲ್ ಇಂಜಿನ್ ಕೂರಿಸಿದರು. ಆನೆಯ ಮೈಗೆ ಕೋಣನ ಉಸಿರು. ಗಡಗಡ ಸದ್ದು ಮಾಡುತ್ತ ಮದುವೆ ಮೆರವಣಿಗೆಗೆ ಬಾಡಿಗೆ ಹೋಗುತ್ತಿದ್ದ ಆ ಉದ್ದನೆಯ ಕಾರುಗಳನ್ನು ಐವತ್ತು ದಾಟಿದ ಓದುಗರು ನೋಡಿರುತ್ತಾರೆ. ಅಮೆರಿಕದವನು ವೇಗಕ್ಕಾಗಿ ಮಾಡಿದ್ದನ್ನು ನಮ್ಮವರು ಮೈಲೇಜಿಗಾಗಿ ಮಾಡಿದರು. ಇಂದು ಅದೇ ಕಾರುಗಳನ್ನು ರಿಪೇರಿ ಮಾಡಿಸುತ್ತಿರುವ ಮೊಮ್ಮಕ್ಕಳು ಮೂಲ ವಿ8 ಎಲ್ಲಿ ಸಿಗುತ್ತದೆಂದು ಗುಜರಿ ಸುತ್ತುತ್ತಿದ್ದಾರೆ. ಒಂದು ಎಚ್ಚರಿಕೆ: ಇಲ್ಲಿ ಆರ್‌ಸಿಯಲ್ಲಿ ಇಂಜಿನ್ ನಂಬರ್ ನಮೂದಾಗಿರುತ್ತದೆ, ಆರ್‌ಟಿಒ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ವಾಹನದ ಮೂಲ ರೂಪ ಬದಲಿಸುವುದರ ಬಗ್ಗೆ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಬಿಗಿಯಾಗಿಯೇ ಹೇಳಿದೆ.

ಅಮೆರಿಕದಲ್ಲಿ ಮಸಲ್ ಕಾರುಗಳು ಎಪ್ಪತ್ತರ ದಶಕದ ಕೊನೆಗೆ ಮೂರು ಕಾಸಿನ ಸೆಕೆಂಡ್ ಹ್ಯಾಂಡ್ ಸರಕಾದವು. ಇಂಜಿನ್ ಸಿಡಿದರೆ ಗುಜರಿಯಿಂದ ಇನ್ನೊಂದು, ಅದೂ ಹೋದರೆ ಮತ್ತೊಂದು. ಮೂಲ ಇಂಜಿನ್ ಉಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹಾಗಾಗಿಯೇ ಇಂದು ‘ನಂಬರ್ಸ್ ಮ್ಯಾಚಿಂಗ್’ ಎಂಬ ಮಾತಿಗೆ ಅಷ್ಟು ಬೆಲೆ. ಇಂಜಿನ್ ಬ್ಲಾಕಿನ ಮೇಲೆ ಒತ್ತಿರುವ ಅಂಕಿ ಕಾರಿನ ಗುರುತಿನ ಸಂಖ್ಯೆಗೆ ತಾಳೆಯಾದರೆ ಒಂದು ದರ, ಆಗದಿದ್ದರೆ ಅದಕ್ಕಿಂತ ಎಷ್ಟೋ ಕಡಿಮೆ. ದುಡ್ಡಿರುವಲ್ಲಿ ಖೋಟಾ ಇರುವುದು ಸಹಜ. ಹಳೆಯ ಅಂಕಿ ಉಜ್ಜಿ ಹೊಸದು ಒತ್ತುವ ಕೈಚಳಕದವರೂ ಇದ್ದಾರೆ, ಅವರನ್ನು ಹಿಡಿಯಲು ಭೂತಗನ್ನಡಿ ಹಿಡಿದು ಬಗ್ಗುವ ಪರಿಣತರೂ ಇದ್ದಾರೆ.

ಮೂಲಕ್ಕೆ ಅಂಟಿಕೊಂಡದ್ದರ ದೊಡ್ಡ ಉದಾಹರಣೆ ‘ಬುಲಿಟ್’ ಸಿನಿಮಾದ ಮಸ್ಟ್ಯಾಂಗ್. ನಟ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೊದ ಏರಿಳಿತದ ಬೀದಿಗಳಲ್ಲಿ ಓಡಿಸಿದ ಆ ಹಸಿರು 1968ರ ಕಾರನ್ನು 1974ರಲ್ಲಿ ಒಂದು ಕುಟುಂಬ ಪತ್ರಿಕೆಯ ಜಾಹೀರಾತು ನೋಡಿ 6,000 ಡಾಲರ್‌ಗೆ ಕೊಂಡಿತು. ಮನೆಯಾಕೆ ಶಿಕ್ಷಕಿ, ಅದರಲ್ಲೇ ಶಾಲೆಗೆ ಹೋಗಿಬರುತ್ತಿದ್ದರು. 1977ರಲ್ಲಿ ಮೆಕ್ವೀನ್ ತಾನೇ ಕಾಗದ ಬರೆದು ಕಾರು ಕೊಡುತ್ತೀರಾ ಎಂದು ಕೇಳಿದ, ಅವರು ಕೊಡಲಿಲ್ಲ. ಕ್ಲಚ್ ಹೋದ ಮೇಲೆ ಕಾರು ದಶಕಗಳ ಕಾಲ ಮೂಲೆ ಸೇರಿತು. 2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ, ತುಕ್ಕು, ಗೀರು, ಸವೆದ ಸೀಟಿನ ಸಮೇತ, ಸುತ್ತಿಗೆ ಬಿದ್ದದ್ದು 34 ಲಕ್ಷ ಡಾಲರ್‌ಗೆ. ಇಂಥ ಕಾರಿಗೆ ಸ್ಪ್ಯಾನರ್ ತಾಗಿಸುವವನನ್ನು ತಡೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಲಕ್ಷಗಟ್ಟಲೆ ತಯಾರಾದ ಸಾಧಾರಣ ಕಾರೊಂದು, ಮೂಲ ಇಂಜಿನ್ ಎಂದೋ ಕಳೆದುಕೊಂಡು ಟಾರ್ಪಾಲಿನ ಕೆಳಗೆ ಕೂತಿದ್ದರೆ ಅದಕ್ಕೆ ಓಡುವ ಇಂಜಿನ್ ಹಾಕುವುದರಲ್ಲಿ ಅಪಚಾರವೇನೂ ಅಂಕಣಕಾರನಿಗೆ ಕಾಣುವುದಿಲ್ಲ.

ಹಾಗೆ ಹಾಕುವವರು ಕಣ್ಣು ಮುಚ್ಚಿ ಆರಿಸುವುದು ಶೆವ್ರೊಲೆ ಇಂಜಿನ್. 1955ರಲ್ಲಿ ಎಡ್ ಕೋಲ್ ಮುಂದಾಳತ್ವದಲ್ಲಿ ಬಂದ 265 ಘನ ಇಂಚಿನ ‘ಸ್ಮಾಲ್ ಬ್ಲಾಕ್’ ಹಗುರ, ಚಿಕ್ಕದು, ಅಗ್ಗ. ಅದೇ ವಂಶ 283, 327, 350 ಎಂದು ಬೆಳೆಯಿತು. ಒಂದರ ಗೇರ್‌ಬಾಕ್ಸ್ ಇನ್ನೊಂದಕ್ಕೆ ಬೋಲ್ಟ್ ತಪ್ಪದೆ ಕೂರುತ್ತಿತ್ತು. ಫೋರ್ಡ್ ಕಾರಿಗೂ ಅದೇ, ಜಾಗ್ವಾರ್ ಕಾರಿಗೂ ಅದೇ. 2011ರಲ್ಲಿ ಕಂಪನಿ ಹತ್ತು ಕೋಟಿಯನೇ ಸ್ಮಾಲ್ ಬ್ಲಾಕ್ ತಯಾರಿಸಿ ಹಬ್ಬ ಮಾಡಿತು. ಆ ಹತ್ತು ಕೋಟಿಯ ಲೆಕ್ಕದಲ್ಲಿ 1997ರ ಕಾರ್ವೆಟ್‌ನೊಂದಿಗೆ ಬಂದ ಎಲ್‌ಎಸ್ ಪೀಳಿಗೆಯೂ ಸೇರಿದೆ. ಇಂದಿನ ಸ್ವಾಪ್‌ಗಳ ಯಜಮಾನ ಇದೇ ಎಲ್‌ಎಸ್. 1999ರಿಂದ ಇದರ ಕಬ್ಬಿಣದ ಬ್ಲಾಕಿನ ತಮ್ಮಂದಿರು ಪಿಕಪ್ ಟ್ರಕ್ಕುಗಳಲ್ಲಿ ರಾಶಿರಾಶಿಯಾಗಿ ಬಂದದ್ದರಿಂದ ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತವೆ.

ಅದರ ಜನಪ್ರಿಯತೆಯ ಗುಟ್ಟು ಅಶ್ವಶಕ್ತಿಗಿಂತ ಸೊಂಟದ ಸುತ್ತಳತೆಯಲ್ಲಿದೆ. ಎಲ್‌ಎಸ್‌ನಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಒಂದೇ, ಅದೂ ಬ್ಲಾಕಿನ ಹೊಟ್ಟೆಯಲ್ಲಿ. ಉದ್ದನೆಯ ಕಡ್ಡಿಗಳು ಮೇಲಕ್ಕೆ ಸುದ್ದಿ ಮುಟ್ಟಿಸುತ್ತವೆ. ತಂತ್ರಜ್ಞಾನ ಹಳೆಯದು, ಆದರೆ ತಲೆ ಚಿಕ್ಕದಾಗಿ ಇಂಜಿನ್ ಸಪೂರ ಉಳಿಯುತ್ತದೆ. ಫೋರ್ಡ್‌ನ ಈಚಿನ 5 ಲೀಟರ್ ‘ಕೊಯೋಟಿ’ಗೆ ನಾಲ್ಕು ಕ್ಯಾಮ್‌ಶಾಫ್ಟ್, ಎಲ್ಲವೂ ನೆತ್ತಿಯ ಮೇಲೆ. ಅಗಲ ಎಷ್ಟೆಂದರೆ 1965ರ ಮಸ್ಟ್ಯಾಂಗ್‌ಗೆ ಅದನ್ನು ಇಳಿಸಲು ಮುಂದಿನ ಸಸ್ಪೆನ್ಷನ್ ಹೊತ್ತ ಗೋಪುರಗಳನ್ನೇ ಕತ್ತರಿಸಬೇಕು. ಹಾಗಾಗಿ ಫೋರ್ಡ್ ಕಾರಿನಲ್ಲೂ ಶೆವ್ರೊಲೆ ಇಂಜಿನ್ ಕಾಣಿಸಿಕೊಳ್ಳುತ್ತದೆ, ಫೋರ್ಡ್ ಭಕ್ತರು ಹಲ್ಲು ಕಡಿಯುತ್ತಾರೆ.

ಇಂಜಿನ್ ಇಳಿಸುವುದಕ್ಕಿಂತ ಆಮೇಲಿನ ಸಂಸಾರವೇ ದೊಡ್ಡದು. ಕೆಳಗಿನ ಆಯಿಲ್ ಚೇಂಬರ್ ಅಡ್ಡಪಟ್ಟಿಗೆ ಬಡಿಯುತ್ತದೆ, ಬೇರೆ ತರಿಸಬೇಕು. ಸೈಲೆನ್ಸರ್ ಪೈಪು ಸ್ಟೀರಿಂಗ್‌ಗೆ ತಾಗುತ್ತದೆ. ಗೇರ್‌ಬಾಕ್ಸ್ ಉದ್ದ ಬದಲಾದರೆ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಕತ್ತರಿಸಿ ಲೇತ್ ಅಂಗಡಿಯಲ್ಲಿ ಬ್ಯಾಲೆನ್ಸ್ ಮಾಡಿಸಬೇಕು. ಕಾರ್ಬೊರೇಟರ್‌ಗೆ ಸಾಕಾಗುತ್ತಿದ್ದ ಪೆಟ್ರೋಲ್ ಪಂಪ್ ಇಂಜೆಕ್ಷನ್‌ಗೆ ಸಾಲದು. ರೇಡಿಯೇಟರ್ ಹಿಗ್ಗಿಸಬೇಕು. ಕೊನೆಯಲ್ಲಿ ವೈರಿಂಗ್: 1969ರ ಕಾರಿಗೆ ಬೇಕಾಗಿದ್ದದ್ದು ಬೆರಳೆಣಿಕೆಯ ತಂತಿಗಳು, ಎಲ್‌ಎಸ್ ಜತೆ ಬರುವುದು ಮುದುರಿದ ಹಾವಿನ ರಾಶಿಯಂಥ ಕಟ್ಟು ಮತ್ತು ಒಂದು ಕಂಪ್ಯೂಟರ್ ಡಬ್ಬಿ. ಎಷ್ಟೋ ಕಾರುಗಳು ಇಂಜಿನ್ ಕೂತ ಮೇಲೆ ವರ್ಷಗಟ್ಟಲೆ ಅಲುಗಾಡದೆ ನಿಲ್ಲುವುದು ಈ ಹಂತದಲ್ಲೇ. ಕಾಲಿನ್ಸ್ ಹೇಳಿದ ಇಪ್ಪತ್ತು ನಿಮಿಷ ಒಂದೇ ವಂಶದ ಇಂಜಿನ್‌ಗಳಿಗೆ ಮಾತ್ರ.

ಹೊಗೆಯ ವಿಷಯದಲ್ಲಿ ಕಡುನಿಷ್ಠುರ ಎನಿಸಿದ ಕ್ಯಾಲಿಫೋರ್ನಿಯಾ ಕೂಡ ಇದಕ್ಕೆ ಅಡ್ಡಿ ಮಾಡಿಲ್ಲ. 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಅಲ್ಲಿ ಹೊಗೆ ತಪಾಸಣೆಯೇ ಇಲ್ಲ. ಅದಕ್ಕಿಂತ ಹೊಸ ಕಾರಾದರೆ, ಹಾಕುವ ಇಂಜಿನ್ ಕಾರಿನಷ್ಟೇ ಅಥವಾ ಅದಕ್ಕಿಂತ ಈಚಿನದಾಗಿರಬೇಕು, ತನ್ನ ಹೊಗೆ ನಿಯಂತ್ರಣದ ಸಾಮಾನುಗಳನ್ನೆಲ್ಲ ಜತೆಗೆ ತರಬೇಕು. ಹಳೆಯ ಮೈಗೆ ಹೊಸ ಶ್ವಾಸಕೋಶ ಆಗಬಹುದು, ಹೊಸ ಮೈಗೆ ಹಳೆಯದು ಕೂಡದು.

ಈಗ ಜಗಳ ಬ್ಯಾಟರಿಯ ಸುತ್ತ. 2021ರಲ್ಲಿ ಫೋರ್ಡ್ 281 ಅಶ್ವಶಕ್ತಿಯ ಎಲೆಕ್ಟ್ರಿಕ್ ಮೋಟಾರನ್ನು ಪೆಟ್ಟಿಗೆಯಲ್ಲಿಟ್ಟು 3,900 ಡಾಲರ್‌ಗೆ ಮಾರಾಟಕ್ಕಿಟ್ಟಿತು. ಬ್ಯಾಟರಿಯನ್ನು ಗಿರಾಕಿಯೇ ಹುಡುಕಿಕೊಳ್ಳಬೇಕಿತ್ತು. ಅಪಘಾತಕ್ಕೀಡಾದ ಟೆಸ್ಲಾಗಳ ಮೋಟಾರು ಬಿಚ್ಚಿ ಹಳೆಯ ಕಾರಿಗೆ ಜೋಡಿಸುವವರು ಅದಕ್ಕೂ ಮೊದಲೇ ಶುರು ಮಾಡಿದ್ದರು. ಗುಡುಗಿಲ್ಲದ ಮಸಲ್ ಕಾರು ಎಂಥದ್ದು ಎಂದು ಹಳಬರು ಸಿಡುಕುತ್ತಾರೆ. ಡಾಡ್ಜ್‌ನವರಂತೂ ತಮ್ಮ ‘ಚಾರ್ಜರ್’ ಎಂಬ ವಿದ್ಯುತ್ ಕಾರಿಗೆ ಕೃತಕವಾಗಿ ಗುಡುಗುವ ಸೈಲೆನ್ಸರನ್ನೇ ಮಾಡಿಕೊಟ್ಟಿದ್ದಾರೆ. ಇದನ್ನು ಕೇಳಿ ನಗುವುದೋ ಅಳುವುದೋ ತಿಳಿಯುವುದಿಲ್ಲ.

2020ರಲ್ಲಿ ಶೆವ್ರೊಲೆಯವರು 1977ರ ಕೆ5 ಬ್ಲೇಜರ್ ಒಂದನ್ನು ತಂದು ಪ್ರಯೋಗಕ್ಕಿಟ್ಟರು. 175 ಅಶ್ವಶಕ್ತಿಯ 400 ಘನ ಇಂಚಿನ ವಿ8 ಹೊರಬಂತು, ಬೋಲ್ಟ್ ಎಂಬ ವಿದ್ಯುತ್ ಕಾರಿನ 200 ಅಶ್ವಶಕ್ತಿಯ ಮೋಟಾರು ಒಳಹೋಯಿತು. ಸಾಮಾನು ಇಡುವ ಜಾಗಕ್ಕೆ ಬ್ಯಾಟರಿ ಬಂತು. ಟ್ರಾನ್ಸ್‌ಫರ್ ಕೇಸ್, ಶಾಫ್ಟ್, ಆಕ್ಸಲ್‌ಗಳನ್ನು ಮುಟ್ಟಲಿಲ್ಲ. ಡ್ಯಾಶ್‌ಬೋರ್ಡಿನ ಹಳೆಯ ಮೀಟರುಗಳನ್ನೂ ಹಾಗೆಯೇ ಬಿಟ್ಟು, ಹೊಸ ಮೋಟಾರಿನ ಸಂಕೇತ ಅವಕ್ಕೆ ಅರ್ಥವಾಗುವಂತೆ ನಡುವೆ ಒಂದು ಸಾಧನ ಕೂರಿಸಿದರು. ಪೆಟ್ರೋಲ್ ಟ್ಯಾಂಕ್ ಇಲ್ಲದ ಆ ಗಾಡಿಯಲ್ಲಿ ಪೆಟ್ರೋಲ್ ಮುಳ್ಳು ಈಗಲೂ ಏರಿಳಿಯುತ್ತದೆ, ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆಯೆಂದು ಹೇಳುತ್ತ.